ಬೆಟ್ಟದ ರೂಟು

"ಸ್ವಂತ ಬಾಮೈದನಿಗೆ ಬೆಟ್ಟದ ರೂಟು! ಥೂ, ನೀವೂ ಒಬ್ಬ ಭಾವನಾ?"

ತಮ್ಮನ ಕೂಗಿಗೆ ಅವಳು ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. ಬಡಿಸಿದ ಊಟ ತಟ್ಟೆಯಲ್ಲೇ ಆರುತ್ತಿತ್ತು. ಗಂಡ ಉಗುರಿನ ಸಂದಿನ ಗ್ರೀಸನ್ನು ಕಡ್ಡಿಯಿಂದ ಕೆರೆಯುತ್ತ ಕೂತಿದ್ದ.

ಬಸ್ಸಿನ ಶೆಡ್ಡಿನಲ್ಲಿ ಅವನು ಮೆಕ್ಯಾನಿಕ್. ಡ್ಯೂಟಿ ಹಾಕುವ ಮೇಸ್ತ್ರಿ ಕೆಲಸ ಬಿಟ್ಟಮೇಲೆ, ಯಾರ ತಂಟೆಗೂ ಹೋಗದವನೆಂದು ಮಾಲೀಕ ಆ ಕೆಲಸವನ್ನೂ ಇವನ ಹೆಗಲಿಗೇ ಹೊರಿಸಿದ್ದ. ಯಾವ ಡ್ರೈವರ್ ಊರೊಳಗೇ ಓಡಿಸಿ ಸಂಜೆ ಮನೆ ಸೇರಬೇಕು, ಯಾರು ಬೆಟ್ಟ ಹತ್ತಿ ಅಲ್ಲೇ ಮಲಗಬೇಕು, ಎಲ್ಲ ಇವನು ಹೇಳಿದಂತೆ. ನಲ್ಲಿಯ ಹತ್ತಿರ ಡ್ರೈವರುಗಳ ಹೆಂಡಿರು ಅವಳ ಕೊಡಕ್ಕೆ ಮೊದಲು ಜಾಗ ಬಿಡತೊಡಗಿದ್ದರು. ಬೇಡವೆನ್ನಲು ಅವಳಿಗೇನು ಹುಚ್ಚೇ? ಇವನೋ, ಇವತ್ತು ರೂಟುಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಗ್ರೀಸ್ ಡಬ್ಬಿಗೆ ಹಾಕಿ, "ನೀವೇ ಎತ್ಕೊಳ್ಳಿ" ಎಂದುಬಿಟ್ಟಿದ್ದ. ತಮ್ಮನ ಕೈಗೆ ಬೆಟ್ಟ ಬಂದಿತ್ತು.

"ಮನೇಲಿ ಹಸುಗೂಸಿದೆ ಭಾವ. ಯಾರ ಹತ್ರನಾದ್ರೂ ಬದಲಾಯಿಸಿ ಕೊಡಿ."

"ನೀನೇ ಕೇಳ್ಕೋ. ಅವರು ಒಪ್ಪಿದ್ರೆ ನನ್ನ ತಕರಾರಿಲ್ಲ."

"ಕೇಳ್ದೆ. ಒಬ್ಬನೂ ಒಪ್ಪಲಿಲ್ಲ. ನೀವು ಹೇಳಿದ್ರೆ ಬಾಯಿ ಮುಚ್ಕೊಂಡು ಹೋಗ್ತಾರೆ."

"ಅದೇ ಬೇಡ ಅಂದಿದ್ದು."

ಅವಳಿಗೆ ರೇಗಿತು. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದ್ರೆ ನೀವೇ ಕಣ್ರೀ!"

"ಮೊದಲ್ನೇ ದಿನ ನಾನೇ ಡ್ಯೂಟಿ ಹಾಕ್ದೆ ಕಣೇ. ಮಧ್ಯಾಹ್ನ ಒಂದು ಜೋಕು ಹೇಳ್ದೆ. ಇಡೀ ಶೆಡ್ಡು ಬಿದ್ದು ಬಿದ್ದು ನಕ್ತು. ಮದುವೆಯಾದಾಗಿಂದ ನನ್ನ ಜೋಕಿಗೆ ನೀನು ಒಂದ್ಸಲನಾದ್ರೂ ನಕ್ಕಿದೀಯಾ?"

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಸಂಜೆ ಇನ್ನೊಂದು ಹೇಳ್ದೆ. ನಗದೇ ಇರೋನು ಯಾರು ಅಂತ ನೋಡ್ದೆ. ಒಬ್ಬನಿದ್ದ, ಮುದುಕ. ಇವನಿಗೆ ಬೆಟ್ಟ ಹಾಕೋಣ ಅನ್ನಿಸ್ತು. ನನಗೆ, ನನಗೇ ಅನ್ನಿಸ್ತು."

"ನಿಮ್ಮ ಪುರಾಣ ಯಾರಿಗೆ ಬೇಕು!" ತಮ್ಮ ತಟ್ಟೆ ತಳ್ಳಿ ಎದ್ದ. "ಇನ್ನು ಈ ಹೊಸ್ತಿಲು ತುಳಿದ್ರೆ ಕೇಳಿ."

"ಉಂಡಾದ್ರೂ ಹೋಗೋ!" ಅವಳು ಬೀದಿಗೆ ಓಡಿದಳು. ಅವನು ತಿರುಗಲಿಲ್ಲ. ಕೊನೆಯ ಅಂಗಡಿ ದಾಟಿ ಮರೆಯಾಗುವವರೆಗೂ ನಿಂತಳು.

ಒಳಗೆ ಬಂದಾಗ ಗಂಡ ಬಾಮೈದನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚುತ್ತಿದ್ದ.

"ಬಾಗಿಲು ಹಾಕ್ಲಾ?" ಎಂದಳು.

"ಇರಲಿ ಬಿಡು."

ಬೀದಿಯ ಧೂಳು ಒಳಗೆ ಬರುತ್ತಿತ್ತು. ಇಬ್ಬರೂ ಊಟಕ್ಕೆ ಕೂರಲಿಲ್ಲ.