ಕಾಫಿಯ ಜೊತೆಗಿನ ಮಾತ್ರೆ

ಕೋದಂಡಪ್ಪನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವನು ಪಕ್ಕದ ಮನೆಯ ಸೆಲ್ವರಾಜ್. ಚಿನ್ನದ ಗಣಿಯ ಊರು ಕೋರಮಂಡಲ್‌ನ ಬೀದಿ ನಲ್ಲಿಯ ಹತ್ತಿರ, ಎಲ್ಲರೆದುರಿಗೇ ಕೇಳಿದ: "ಎನ್ನಪ್ಪಾ ಕೋದಂಡ, ಮತ್ತೆ ಸುರುವಾಯ್ತಾ? ಒಂದ್ ಮಾತು ಏಳಿದ್ರೆ ನಾನೂ ಬತ್ತಿದ್ನಲ್ಲಾ!"

ಕೊಡ ಹಿಡಿದ ಹೆಂಗಸರು ನಕ್ಕರು. ಅವನ ಹೆಂಡತಿ ಕನಕಮ್ಮ ನಗಲಿಲ್ಲ.

ಮಗಳು ನವ್ಯಳ ತಲೆ ಮುಟ್ಟಿ ಆಣೆಯಿಟ್ಟ ಮೇಲೆ ಕೋದಂಡಪ್ಪ ಒಂದು ಹನಿಯೂ ಕುಡಿದಿರಲಿಲ್ಲ. ಬಂಗಾರಪೇಟೆಯ ಗೋಡೌನಿನಲ್ಲಿ ಜೊತೆಗೆ ಮೂಟೆ ಹೊರುವವರೆಲ್ಲ ಮೈನೋವಿಗೆಂದು ಬ್ರಾಂದಿ ಅಂಗಡಿಯತ್ತ ತಿರುಗಿದರೆ, ಇವನು ತಲೆ ಬಗ್ಗಿಸಿಕೊಂಡು ರೈಲು ಹತ್ತುತ್ತಿದ್ದ. ಹಾಗೆ ಬಂದವನಿಗೆ ಕನಕಮ್ಮ ಕಾಫಿಯ ಜೊತೆ ಮಾತ್ರೆ ಕೊಡುತ್ತಿದ್ದಳು. ಮೊಣಕಾಲಿಗೊಂದು, ಮೈಬಿಸಿಗೊಂದು, ಮೂಗು ಸೋರಿದರೆ ಇನ್ನೊಂದು. ಬೆಳಿಗ್ಗೆಯೂ ಅಷ್ಟೇ. ನೋವು ಸತ್ತರೆ ಬ್ರಾಂದಿಯ ಆಸೆಯೂ ಸಾಯುತ್ತದೆಂದು ಅವಳ ನಂಬಿಕೆ.

ಈಗ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೂತಲ್ಲೇ ಓಕರಿಕೆ.

"ಮಗು ತಲೆ ಮ್ಯಾಲೆ ಕೈಯಿಕ್ಕಿದ್ದೆ ನೀನು," ಎಂದಳು ಕನಕಮ್ಮ, ಆಸ್ಪತ್ರೆಗೆ ಹೊರಟ ರೈಲಿನಲ್ಲಿ.

"ಕುಡ್ದಿಲ್ಲ ಕಣೇ."

"ಕಣ್ಣೇ ಏಳ್ತಾ ಐತೆ, ಕುಡ್ದಿದ್ದೀಯ ಅಂತ."

ಊರು ಏನಾದರೂ ಅಂದುಕೊಳ್ಳಲಿ, ಇವಳೊಬ್ಬಳು ನಂಬಿದ್ದರೆ ಸಾಕಿತ್ತು. ಅವನು ಕಿಟಕಿಯ ಸರಳಿಗೆ ಹಣೆಯಾನಿಸಿದ.

ಬಂಗಾರಪೇಟೆಯ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಕೇಳಿದ್ದೂ ಅದನ್ನೇ.

"ಕುಡೀತೀರಾ?"

"ಬಿಟ್ಬುಟ್ಟೆ ಮೇಡಂ."

"ಬಿಟ್ಟೆ ಅಂತಾರೆ," ಎಂದಳು ಕನಕಮ್ಮ ಗೋಡೆ ನೋಡುತ್ತ.

"ಮಾತ್ರೆ ಏನಾದ್ರೂ?"

ಅದಕ್ಕಾದರೆ ಕನಕಮ್ಮನ ಬಳಿ ಉತ್ತರವಿತ್ತು. ಬ್ಯಾಗಿನಿಂದ ಶೀಟುಗಳನ್ನು ತೆಗೆದು, ಚೆನ್ನಾಗಿ ನೋಡಿಕೊಂಡಿದ್ದೇನೆ ಎಂಬಂತೆ ಮೇಜಿನ ಮೇಲೆ ಹರಡಿದಳು. ಡಾಕ್ಟರಮ್ಮ ಒಂದೊಂದನ್ನೇ ತಿರುಗಿಸಿ ಓದಿದರು.

"ಹೆಸರು ಬೇರೆ ಬೇರೆ ಅಮ್ಮ, ಒಳಗಿರೋದು ಒಂದೇ ಔಷಧಿ. ಹದವಾಗಿ ತಗೊಂಡ್ರೆ ತೊಂದ್ರೆಯಿಲ್ಲ. ಎಲ್ಲಾ ಸೇರಿ, ದಿನಾ ದಿನಾ ಅಂದ್ರೆ ಲಿವರ್ ತಡೆಯಲ್ಲ. ಇವತ್ತೇ ಅಡ್ಮಿಟ್ ಆಗ್ಲಿ."

ಕನಕಮ್ಮ ಶೀಟುಗಳನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡಳು.

ಸಂಜೆ ಸೆಲ್ವರಾಜ್ ಬ್ರೆಡ್ಡಿನ ಪೊಟ್ಟಣ ಹಿಡಿದು ವಾರ್ಡಿಗೆ ಬಂದ. "ಕುಡೀಬೇಡಪ್ಪಾ ಅಂತ ಬಡ್ಕೊಂಡೆ. ಕೇಳಿದ್ಯಾ?"

ಕೋದಂಡಪ್ಪ ಕಣ್ಣು ಮುಚ್ಚಿಕೊಂಡ. ಕೈಯೊಳಗೆ ಡ್ರಿಪ್ ತಣ್ಣಗೆ ಇಳಿಯುತ್ತಿತ್ತು.

"ಕುಡ್ದಿಲ್ಲಣ್ಣಾ," ಎಂದಳು ಕನಕಮ್ಮ, ಪಕ್ಕದ ಮಂಚದವರಿಗೂ ಕೇಳುವಂತೆ. "ನಾನ್ ಕೊಟ್ಟ ಮಾತ್ರೆ."

ಸೆಲ್ವರಾಜ್ ಬ್ರೆಡ್ಡಿನ ಪೊಟ್ಟಣವನ್ನು ಮಂಚದ ತುದಿಗಿಟ್ಟ.

ಈ ಮಾತಿಗಾಗಿಯೇ ಕಾದಿದ್ದ ಕೋದಂಡಪ್ಪ. ಆದರೆ ಕಣ್ಣು ಬಿಟ್ಟು ಅವಳ ಮುಖ ನೋಡಿದಾಗ, ಅವಳು ಅದನ್ನು ಹೇಳದಿದ್ದರೂ ಆಗುತ್ತಿತ್ತು ಅನ್ನಿಸಿತು. ಮೊಣಕಾಲು ಸಿಡಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೇಳದಿದ್ದರೂ ಕನಕಮ್ಮ ಹೊದಿಕೆಯೊಳಗೆ ಕೈ ಹಾಕಿ ಮೊಣಕಾಲು ನೀವತೊಡಗಿದಳು.