ಸೀಟು ಸದ್ದು ಮಾಡದ ಸಿನಿಮಾ

“ಪರದೆಗೆ ಬೆನ್ನು ತಿರುಗಿಸ್ಕೊಂಡು ಸೀಟು ಹೊಲಿಯೋನು ನೀನು. ಸಿನಿಮಾ ಹೆಂಗಿದೆ ಅಂತ ನಿನ್ನನ್ನ ಯಾರೋ ಕೇಳಿದ್ದು? ಎಂಟನೇ ಕ್ಲಾಸು ದಾಟಲಿಲ್ಲ, ಊರಿಗೆಲ್ಲ ಮಾರ್ಕ್ಸ್ ಹಾಕೋಕೆ ಬಂದ.”

ಥಿಯೇಟರಿನ ಯಜಮಾನರು ಇದನ್ನು ಹೇಳಿದ್ದು ಟಿಕೆಟ್ ಕಿಟಕಿಯ ಪಕ್ಕದಲ್ಲಿ, ಬೆಳಗಿನ ಆಟಕ್ಕೆ ಸಾಲು ನಿಂತವರ ಎದುರಿಗೆ. ನಾನು ಮೊಣಕಾಲೂರಿ ಅಲ್ಲಿನ ಬೆಂಚಿಗೆ ಹೊಸ ರೆಕ್ಸಿನ್ ಬಿಗಿಯುತ್ತಿದ್ದೆ. ಬಾಯಲ್ಲಿ ನಾಲ್ಕು ಮೊಳೆ ಇದ್ದವು. ಮೊಳೆ ಕಚ್ಚಿಕೊಂಡವನು ಮಾತಾಡುವಂತಿಲ್ಲ. ನುಂಗಿದರೆ ಆಸ್ಪತ್ರೆ, ಉಗಿದರೆ ನೆಲದ ಮೇಲೆ ತಡಕಾಟ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದನ್ನು ಬೇಕಾದರೆ ತಡೆದುಕೊಳ್ಳುತ್ತಿದ್ದೆ. ಆದರೆ ರೆಕ್ಸಿನ್ನಿನ ಇನ್ನೊಂದು ತುದಿ ಹಿಡಿದು ಎಳೆಯುತ್ತಿದ್ದ ನನ್ನ ಸೋದರಮಾವನೂ ನಕ್ಕ. ನಕ್ಕು, “ಬಿಡಿ ಸ್ವಾಮಿ, ಹುಡುಗಬುದ್ಧಿ” ಅಂದ. ನನಗೆ ಇಪ್ಪತ್ಮೂರು ವರ್ಷ.

ನಾಲ್ಕು ಮೊಳೆಯನ್ನೂ ಬೇಕಾದದ್ದಕ್ಕಿಂತ ಜೋರಾಗಿ ಹೊಡೆದೆ. ಒಂದು ಡೊಂಕಾಯಿತು.

ಎಂಟನೇ ಕ್ಲಾಸು ದಾಟಲಿಲ್ಲ ಎಂಬುದು ಸುಳ್ಳಲ್ಲ. ಮಾಡದ ತಪ್ಪಿಗೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಇಳಿದು ನೇರ ಮನೆಗೆ ನಡೆದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಮ್ಮ ಮಾರನೆಯ ದಿನವೇ ನನ್ನ ರಟ್ಟೆ ಹಿಡಿದು ತನ್ನ ತಮ್ಮನ ಅಂಗಡಿಯಲ್ಲಿ ತಂದು ಕೂರಿಸಿದಳು. ಸೋಫಾ, ಬಸ್ಸಿನ ಸೀಟು, ಥಿಯೇಟರಿನ ಸೀಟು, ಯಾವುದು ಹರಿದರೂ ನಮ್ಮಲ್ಲಿಗೆ ಬರುತ್ತದೆ. ಹತ್ತು ವರ್ಷದಿಂದ ನಾನು ಹೊಲಿದಿದ್ದೇನೆ, ಸ್ಪಂಜು ತುಂಬಿದ್ದೇನೆ, ಮೊಳೆ ಹೊಡೆದಿದ್ದೇನೆ. ಕತ್ತರಿ ಮಾತ್ರ ಮುಟ್ಟಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ರೆಕ್ಸಿನ್ ಹೋಯಿತು ಎಂದೇ ಅರ್ಥ. ಆದ್ದರಿಂದ ನಮ್ಮ ಕೆಲಸದಲ್ಲಿ ಕತ್ತರಿಸುವವನೇ ಕೆಲಸಗಾರ, ಉಳಿದವರು ಕೈಯಾಳು. ಮಾವನ ಕತ್ತರಿ ಅವನ ತಲೆಯ ಮೇಲಿನ ಗೂಟದಲ್ಲಿ ತೂಗಾಡುತ್ತಿರುತ್ತದೆ. ಒಂದು ಮೊಳ ಉದ್ದ, ಕಪ್ಪು ಹಿಡಿ. ನನ್ನ ಕಣ್ಣು ಹತ್ತು ವರ್ಷದಿಂದ ಆ ಗೂಟದ ಮೇಲೆಯೇ ಇತ್ತು. ಕೇಳಿದಾಗಲೆಲ್ಲ ಮಾವ, “ಮೊದಲು ಕೈ ಕೂರಲಿ” ಅನ್ನುತ್ತಿದ್ದ. ನನ್ನ ಕೈ ಕೂತು ಯಾವ ಕಾಲವಾಯಿತೋ. ಕೂರದಿರುವುದು ನನ್ನ ಸಿಟ್ಟು ಒಂದೇ.

ಇನ್ನು ಸಿನಿಮಾದ ವಿಷಯ. ವಾರಕ್ಕೊಮ್ಮೆ ಆ ಥಿಯೇಟರಿನ ಹರಿದ ಸೀಟು ಸರಿಮಾಡಲು ಹೋಗುತ್ತೇನಲ್ಲ, ಅದಕ್ಕೆ ಪ್ರತಿ ಹೊಸ ಸಿನಿಮಾದ ಮೊದಲ ಆಟ ನನಗೆ ಪುಕ್ಕಟೆ. ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಕತೆ ಒಳ್ಳೆಯದೋ ಕೆಟ್ಟದ್ದೋ ಎಂದು ದೊಡ್ಡ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ಸೀಟು. ಸಿನಿಮಾ ಬೇಸರವಾದರೆ ಮನುಷ್ಯ ಬಾಯಿ ಬಿಟ್ಟು ಹೇಳದೇ ಇರಬಹುದು, ಆದರೆ ಕುಂಡೆ ಸರಿಸುತ್ತಾನೆ. ಸರಿಸಿದಾಗ ಸ್ಪ್ರಿಂಗು ಕಿರ್ ಅನ್ನುತ್ತದೆ. ನಾನು ಅದನ್ನು ಎಣಿಸುತ್ತೇನೆ.

ಥಿಯೇಟರಿನ ಗೇಟಿನ ಹೊರಗೆ ಒಬ್ಬಳು ಮೊಬೈಲು, ಮೈಕು ಹಿಡಿದು ಜನರ ಅಭಿಪ್ರಾಯ ಕೇಳುತ್ತಾಳೆ. ಎರಡು ತಿಂಗಳ ಹಿಂದೆ ನನ್ನನ್ನೂ ಅಡ್ಡಹಾಕಿದಳು. ದೊಡ್ಡ ಹೀರೋನ ಸಿನಿಮಾ ಅದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹೀರೋ ನಡೆದು ಬರುವಷ್ಟರಲ್ಲಿ ನಾನು ಒಂದು ಸೀಟು ಬಿಚ್ಚಿ ಹೊಲಿದು ಮುಗಿಸಬಹುದು, ಇಂಟರ್‌ವಲ್ ಆದಮೇಲೆ ನಮ್ಮ ಸಾಲೊಂದೇ ನೂರಾ ಹನ್ನೆರಡು ಸಲ ಕಿರ್ ಅಂದಿತು. ಜನ ಆ ವಿಡಿಯೋವನ್ನು ಒಬ್ಬರಿಂದೊಬ್ಬರಿಗೆ ಕಳಿಸಿ ಕಳಿಸಿ ನನಗೆ ‘ಸ್ಪ್ರಿಂಗು’ ಅಂತ ಹೆಸರಿಟ್ಟರು. ಮುಂದಿನದು ದೆವ್ವದ ಸಿನಿಮಾ. ದೆವ್ವಕ್ಕಿಂತ ಮೊದಲು ಅದರ ಬ್ಯಾಂಡ್‌ಸೆಟ್ ಬರುತ್ತದೆ, ಹಾಗಾಗಿ ಹೆದರಲು ಪುರುಸೊತ್ತೇ ಇಲ್ಲ ಅಂದೆ. ಆಮೇಲೆ ಬಡವರ ಕತೆಯೊಂದು ಬಂತು. ನೋಡಿದವರೆಲ್ಲ ಕರವಸ್ತ್ರ ಹಿಂಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಬಡವನ ಮನೆಯ ಸೋಫಾಕ್ಕೆ ಹೊದಿಸಿದ್ದ ಬಟ್ಟೆ ನಮ್ಮ ಅಂಗಡಿಯ ಗಾಜಿನ ಬೀರುವಿನಲ್ಲಿದೆ; ಅದನ್ನು ಮುಟ್ಟಬೇಕಾದರೆ ಮಾವ ಕೈ ತೊಳೆದು ಬಾ ಅನ್ನುತ್ತಾನೆ. ಇದನ್ನೂ ಮೈಕಿನವಳಿಗೆ ಹೇಳಿದೆ. ಸೋಮವಾರದ ಹೊತ್ತಿಗೆ ಥಿಯೇಟರ್ ಖಾಲಿ ಹೊಡೆಯಿತು. ನನ್ನಿಂದಲೇ ಎಂದು ನಾನು ಹೇಳುವುದಿಲ್ಲ. ಯಜಮಾನರು ಹೇಳಿದರು, ನಲವತ್ತು ಜನರೆದುರು.

ಅವತ್ತು ಮಧ್ಯಾಹ್ನ ಅಂಗಡಿಗೆ ವಾಪಸಾದೆವು. ನಮ್ಮ ಮೂರು ಹೊಲಿಗೆ ಮಷೀನುಗಳಲ್ಲಿ ಎರಡು ಕೆಲಸವಿಲ್ಲದೆ ಬಟ್ಟೆ ಹೊದ್ದು ಕೂತಿವೆ. ಜನ ಈಗ ಹಳೆಯ ಸೋಫಾ ಸರಿಮಾಡಿಸುವುದಿಲ್ಲ, ಎಸೆದು ಹೊಸದು ತರುತ್ತಾರೆ. ಮಾವ ವಿಷಯ ತೆಗೆದ. ಯಜಮಾನರು ಥಿಯೇಟರಿನ ನಾನೂರು ಸೀಟನ್ನೂ ಹೊಸದು ಮಾಡಿಸುತ್ತಾರಂತೆ. ಕೆಲಸ ನಮಗೇ ಕೊಡುತ್ತಾರಂತೆ. ಆದರೆ ಶುಕ್ರವಾರ ಅವರ ತಮ್ಮ ತೆಗೆದ ಸಿನಿಮಾ ಬರುತ್ತದೆ, ಹೊಸಬರದ್ದು, ಹೆಸರಿಲ್ಲದ್ದು. ಸ್ಪ್ರಿಂಗು ಹೊರಗೆ ಬಂದು ಮೈಕಿನ ಮುಂದೆ ನಾಲ್ಕು ಒಳ್ಳೆ ಮಾತು ಹೇಳಬೇಕು.

“ನೋಡದೇನೇ?” ಅಂದೆ.

“ನೋಡು. ನೋಡಿ ಹೇಳು. ಆದ್ರೆ ಒಳ್ಳೇದೇ ಹೇಳು.”

“ಚೆನ್ನಾಗಿಲ್ದಿದ್ರೆ?”

ಮಾವ ಎದ್ದು ನಿಂತು ಗೂಟದಿಂದ ಕತ್ತರಿ ತೆಗೆದ. ಪಂಚೆಯ ಅಂಚಿನಲ್ಲಿ ಒರೆಸಿ ನನ್ನ ತೊಡೆಯ ಮೇಲಿಟ್ಟ. “ನಾನೂರು ಸೀಟಿಗೂ ನೀನೇ ಕತ್ತರಿಸು. ಅಳತೆ ನೀನೇ ತಗೋ, ಗುರುತು ನೀನೇ ಹಾಕು. ನಾನು ಹೊಲೀತೀನಿ.”

ಹತ್ತು ವರ್ಷ ಕಾದದ್ದು ಹೀಗೆ ಬಂತು. ಕತ್ತರಿ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ನನ್ನ ಕೈ ಕೂತಿದೆ ಎಂದು ಮಾವ ಇವತ್ತೂ ಹೇಳಲಿಲ್ಲ. ನನ್ನ ಕೈ ನೋಡಿ ಕೊಟ್ಟದ್ದೇ ಅಲ್ಲ, ಬಾಯಿ ನೋಡಿ ಕೊಟ್ಟದ್ದು. ಆದರೂ ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹಾಕಿಕೊಂಡೆ.

ಶುಕ್ರವಾರ ಬೆಳಿಗ್ಗೆ ಕೊನೆಯ ಸಾಲಿನಲ್ಲಿ ಕೂತಾಗ ಹಲ್ಲು ಕಚ್ಚಿಕೊಂಡೇ ಕೂತೆ. ಕೆಟ್ಟದಾಗಿರಲಿ ಎಂದು ಬೇಡಿಕೊಂಡೆ. ಕೆಟ್ಟದಾಗಿದ್ದರೆ ಸುಲಭ, ಬಾಯಲ್ಲಿ ಸುಳ್ಳು ಹೇಳಿ ನಿಜವನ್ನು ಮುಖದಲ್ಲಿ ತೋರಿಸಿಬಿಡಬಹುದು.

ಕತೆ ಇಷ್ಟೇ. ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು. ತಾಯಿಯ ಮರದ ಬೀರುವನ್ನು ನಾಲ್ಕನೇ ಮಹಡಿಯಿಂದ ಬೀದಿಗೆ ಇಳಿಸಬೇಕು. ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಎರಡು ಗಂಟೆಯ ಸಿನಿಮಾ, ಮುಕ್ಕಾಲು ಪಾಲು ಮೆಟ್ಟಿಲ ಮೇಲೆ.

ಸಿನಿಮಾದಲ್ಲಿ ಭಾರ ಹೊರುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಖಾಲಿ ಪೆಟ್ಟಿಗೆ ಹೊತ್ತು ಮುಖ ಸಿಂಡರಿಸುತ್ತಾರೆ, ಕುತ್ತಿಗೆ ಮಾತ್ರ ಸಡಿಲವಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಮೆಟ್ಟಿಲಲ್ಲಿ ಇಳಿಸುವಾಗ ಕೆಳಗಿರುವವನ ಮೇಲೆ ಪೂರಾ ಭಾರ. ಮೇಲಿರುವವನದು ಬರೀ ದಾರಿ ನೋಡುವ ಕೆಲಸ. ಅಣ್ಣ ತಾನೇ ಕೆಳಗೆ ಹೋಗಿ ನಿಂತ. ಎರಡನೇ ಮಹಡಿಯ ತಿರುವಿನಲ್ಲಿ ಬೀರು ಇಳಿಸಿದರು. ಅಣ್ಣನ ಬೆರಳು ಬಿಚ್ಚಲಿಲ್ಲ. ಹಿಡಿದ ಹಾಗೇ ಕೊಕ್ಕೆಯಾಗಿ ನಿಂತಿದ್ದವು. ಭಾರ ಹೊತ್ತವನಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ತಮ್ಮ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹತ್ತಿರ ಕೂತು, ಬೈದುಕೊಳ್ಳುತ್ತಲೇ, ಆ ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದ.

ನನಗೆ ಮಾವ ನೆನಪಾದ. ಹತ್ತು ವರ್ಷದಲ್ಲಿ ಎಷ್ಟು ಸೋಫಾ ಇಳಿಸಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ, “ನೀನು ಮೇಲಿರೋ, ದಾರಿ ನೋಡು” ಅನ್ನುತ್ತಿದ್ದ. ನನ್ನ ಮೇಲೆ ಯಜಮಾನಿಕೆ ಮಾಡುತ್ತಾನೆ ಎಂದು ಒಳಗೇ ಕುದಿಯುತ್ತಿದ್ದೆ. ಇಳಿಸಿದ ಮೇಲೆ ಅವನ ಬೆರಳು ಹೇಗಿರುತ್ತಿದ್ದವು ಎಂದು ಒಂದು ಸಲವೂ ನೋಡಿಲ್ಲ.

ದೀಪ ಹತ್ತಿದಾಗ ಎಣಿಸುವುದನ್ನೇ ಮರೆತಿದ್ದೆ ಎಂದು ಗೊತ್ತಾಯಿತು. ಎಣಿಸಲು ಏನೂ ಇರಲಿಲ್ಲ. ಇನ್ನೂರು ಜನ, ನಾನೇ ಹೊಲಿದ ಹಳೇ ಸೀಟುಗಳು, ಒಂದೂ ಕಿರ್ ಅಂದಿರಲಿಲ್ಲ. ನನಗೆ ಮೊದಲ ಸಲ ಮೈಕಿನವಳ ಹತ್ತಿರ ಓಡಿಹೋಗಿ ಹೇಳಬೇಕು ಅನ್ನಿಸಿತು. ಬೆರಳಿನ ವಿಷಯ ಹೇಳಬೇಕು, ಸೀಟು ಸುಮ್ಮನಿದ್ದದ್ದನ್ನು ಹೇಳಬೇಕು. ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

ಗೇಟಿನ ಹತ್ತಿರ ಮೈಕಿನವಳ ಪಕ್ಕದಲ್ಲೇ ಯಜಮಾನರು ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಎರಡು ಹೆಜ್ಜೆ ಹಿಂದೆ ಮಾವ. ಸುತ್ತ ಜನ ಗುಂಪುಕಟ್ಟಿದ್ದರು. ಯಾರೋ, “ಸ್ಪ್ರಿಂಗು ಬಂದ, ಸ್ಪ್ರಿಂಗು ಬಂದ” ಅಂದರು. ಅವಳು ಮೈಕನ್ನು ನನ್ನ ಬಾಯಿಗೆ ಹಿಡಿದಳು. ಅದರ ಕೆಂಪು ಸ್ಪಂಜು ಒಂದು ಕಡೆ ಹರಿದಿತ್ತು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿದರು.

“ಹೇಳೋ, ಹೇಳು. ಕಣ್ಣಲ್ಲಿ ನೀರು ಬಂತು ಅಂತ ಹೇಳು. ಯಾಕೋ, ಮಾವ ಹೇಳಿಕೊಟ್ಟ ಈ ಪಾಠಾನೂ ತಲೆಗೆ ಹೋಗಲಿಲ್ವಾ?”

ಜನ ನಕ್ಕರು. ಅವರ ಪಾಲಿಗೆ ಅದು ತಮಾಷೆ. ನನ್ನ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಒರೆಸಿಕೊಂಡ ಅಂಗಿಯ ತೋಳು ಇನ್ನೂ ಒದ್ದೆಯಾಗಿತ್ತು. ಈಗ ಅದನ್ನು ಹೇಳಿದರೆ ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ. ಕೆಟ್ಟದು ಎನ್ನೋಣವೆಂದರೆ ಆ ಸಿನಿಮಾ ಬಿಡುವುದಿಲ್ಲ. ಬಾಯಲ್ಲಿ ಈ ಸಲ ಒಂದೂ ಮೊಳೆ ಇರಲಿಲ್ಲ, ಆದರೂ ಇದ್ದ ಹಾಗೇ ಆಯಿತು.

ಹೆಗಲ ಮೇಲಿನ ಕೈ ಕೊಡವಿ ಗೇಟು ದಾಟಿದೆ. ಹಿಂದೆ ಗದ್ದಲ ಎದ್ದಿತು. ಯಜಮಾನರು ಏನೋ ಕೂಗಿದರು, ನಾನೂರು ಎಂಬುದಷ್ಟೇ ಕೇಳಿಸಿತು. ನಾನು ನಿಲ್ಲಲಿಲ್ಲ.

ಬೀದಿಯ ತಿರುವಿನಲ್ಲಿ ಮಾವ ಬಂದು ಸೇರಿಕೊಂಡ. ಏದುಸಿರು ಬಿಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು. ಅವನು ಮೊಣಕಾಲ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತ. ಬೆರಳುಗಳು ಅರ್ಧ ಮಡಚಿಕೊಂಡೇ ಇದ್ದವು. ತಲೆಯೆತ್ತಿ, ಮೆಲ್ಲಗೆ, ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ.

“ಅಷ್ಟೊಂದು ಕೆಟ್ಟದಾಗಿತ್ತೇನೋ?”

ನಾನು ಆ ಬೆರಳುಗಳನ್ನು ನೋಡಿದೆ. ಚೆನ್ನಾಗಿತ್ತು ಎಂದು ಅವನಿಗೊಬ್ಬನಿಗಾದರೂ ಹೇಳಬಹುದಿತ್ತು, ಸಿಟ್ಟು ಬಿಡಲಿಲ್ಲ; ರಸ್ತೆ ದಾಟಿ ನಡೆದುಬಿಟ್ಟೆ. ಚೀಲದಲ್ಲಿದ್ದ ಕತ್ತರಿ ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು.