ಬೇರೆಯವರ ಅಂಗಿ

ಹೈದರಾಬಾದಿನ ಉಪ್ಪಲ್‌ನಲ್ಲಿದ್ದ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಶುಕ್ರವಾರ ಯಾರೂ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿರಲಿಲ್ಲ. ಹಾಕಿದರೆ ಅದಕ್ಕೆ ಒಂದೇ ಅರ್ಥ: ಮಧ್ಯಾಹ್ನ ಎಲ್ಲೋ ಇಂಟರ್ವ್ಯೂ ಇದೆ. ದಿನ ಬೆಳಗಾದರೆ ಹೊಸ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ ಅದು. ಹಾಗಾಗಿ ಮೌನಪ್ಪ ಬಿಳಿಯ ತುಂಬುತೋಳಿನ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು ಬಂದಾಗ ಪಕ್ಕದ ಕುರ್ಚಿಯ ಪ್ರಾಣೇಶ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾವ ಕಂಪನಿಲೇ?”

“ಯಾವುದೂ ಇಲ್ಲೋ. ಇಸ್ತ್ರಿಯವ ಗಂಟು ಅದಲಾಬದಲಿ ಮಾಡ್ಯಾನ. ನನ್ನ ಟೀ ಶರ್ಟೆಲ್ಲಾ ಯಾರ ಮನ್ಯಾಗ ಅದಾವೋ. ಇದು ಯಾರೋ ರೈಲ್ವೆದವ್ರ ಅಂಗಿ.”

“ಹೌದೌದು. ಬೂಟೂ ರೈಲ್ವೆದವ್ರವೇನು?”

ಬೂಟು ಅವನವೇ. ಬಿಳಿ ಅಂಗಿಗೆ ಚಪ್ಪಲಿ ಒಪ್ಪುವುದಿಲ್ಲವೆಂದು ಮಲ್ಕಾಜ್‌ಗಿರಿಯ ತನ್ನ ಬಾಡಿಗೆ ಕೋಣೆಯಲ್ಲಿ ಒರೆಸಿ ಹಾಕಿಕೊಂಡಿದ್ದ.

ಚಹಾದ ಹೊತ್ತಿಗೆ ಗಾಳಿಮಾತಿನಲ್ಲಿ ಅವನ ಸಂಬಳ ದುಪ್ಪಟ್ಟಾಗಿತ್ತು. ಇನ್ನೊಂದು ಸಾಲಿನವರು ಅವನನ್ನು ಅಮೆರಿಕಕ್ಕೂ ಕಳಿಸಿದ್ದರು. ಮ್ಯಾನೇಜರ್ ಗುರುಸಿದ್ದಪ್ಪ ಗಾಜಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

“ನೋಡಪಾ, ಟೀಮ್ ಲೀಡ್ ಸುಭದ್ರಾಗ ಕೊಡಬೇಕಂತಿತ್ತು. ಆದ್ರ ಆಕಿ ಎಲ್ಲೂ ಹೋಗಾಕಿ ಅಲ್ಲ. ಹೋಗಾವ್ರನ್ನ ಹಿಡ್ಕೋಬೇಕಲ್ಲ ನಾ? ನೀನೇ ಲೀಡ್ ಆಗು. ಊಟ ಆದ ಮ್ಯಾಲ ಹೂಂ ಅಂದ್ರ ಮೇಲ್ ಕಳಸ್ತೀನಿ.”

ನಾನು ಎಲ್ಲೂ ಹೊರಟಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕುಳಿತಿತು. ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಪ್ರತಿ ಭಾನುವಾರ ರಾಯಚೂರಿನಿಂದ ಫೋನಿನಲ್ಲಿ ಅವ್ವ “ಇನ್ನೂ ಅದೇ ಕೆಲಸೇನಪಾ?” ಎಂದು ಕೇಳುವುದು ನೆನಪಾಯಿತು. “ಆತ್ರಿ, ಹೇಳ್ತೀನಿ” ಎಂದು ಹೊರಗೆ ಬಂದ.

ಊಟದ ಮೇಜಿನಲ್ಲಿ ಸುಭದ್ರಾ ಎದುರಿಗೆ ಕುಳಿತಳು. ಕುಂದಾಪುರದವಳು. ಮೌನಪ್ಪ ಸೇರಿದಾಗ ಅವನಿಗೆ ಕೆಲಸ ಕಲಿಸಿದವಳು ಅವಳೇ. ಯಾರಿಗೂ ಬಿಡಿಸಲಾಗದ್ದು ಕೊನೆಗೆ ಅವಳ ಮೇಜಿಗೇ ಬರುತ್ತಿತ್ತು.

“ಸಂಬಳ ಎಷ್ಟು ಬೇಕಂತ ನೀನಾಗಿ ಹೇಳ್ಬೇಡ ಮಾರಾಯ, ಅವರೇ ಹೇಳ್ಲಿ” ಎಂದಳು ಮೆಲ್ಲಗೆ. “ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅಂತ ಹೇಳು. ನಿನ್ನ ಸಂಜೆ ಕೆಲಸ ನಾನು ಮುಗಿಸ್ತೆ. ಸಾಹೇಬ್ರಿಗೆ ತಿಳಿಯೋದು ಬೇಡ.”

ಮೌನಪ್ಪ ಮೊಸರನ್ನಕ್ಕೆ ಸಾರು ಹಾಕಿಕೊಂಡ. ಅದನ್ನೇ ಕಲಸಿ, ಅರ್ಧಕ್ಕೆ ಬಿಟ್ಟು ಎದ್ದು ಗಾಜಿನ ಕೋಣೆಗೆ ಹೋದ.

“ಸರ್, ನನಗ ಎಲ್ಲೂ ಇಂಟರ್ವ್ಯೂ ಇಲ್ರಿ.”

ಗುರುಸಿದ್ದಪ್ಪ ನಕ್ಕರು. “ಎಷ್ಟ್ ಕೊಡ್ತೀವಂದಾರ ಹೇಳು. ಇನ್ನೊಂಚೂರು ಏರಸ್ತೀನಿ.”

ನಿಜವೇ ಚೌಕಾಶಿಯಂತೆ ಕೇಳಿಸಿತ್ತು. ಬಾಯಿಮಾತಿನಿಂದ ಆಗುವ ಕೆಲಸವಲ್ಲ ಇದು ಎನ್ನಿಸಿ ಮೌನಪ್ಪ ಮುಂಗೈಯ ಹತ್ತಿರ ಒಳಮಡಿಕೆಗೆ ಚುಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದ. ತೋಳು ಜಾರಿ ಬೆರಳು ಮುಚ್ಚಿತು. ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದ. ಅದು ಮೊಣಕಾಲಿನ ತನಕ ಇಳಿಬಿತ್ತು.

“ಇಂಥಾದ್ದು ಹಾಕ್ಕೊಂಡು ಯಾರು ಇಂಟರ್ವ್ಯೂಗೆ ಹೋಗ್ತಾರ್ರಿ? ಇದು ನಂದಲ್ಲ. ಸಂಜಿಗೆ ತಿರುಗಿ ಕೊಡೂದೈತಿ.”

ಗುರುಸಿದ್ದಪ್ಪ ಆ ತೋಳುಗಳನ್ನೇ ನೋಡಿದರು.

“ಅಂದ್ರ ನೀ ಎಲ್ಲೂ ಹೊಂಟಿಲ್ಲ.”

“ಇಲ್ರಿ.”

“ಸುಭದ್ರಾನ ಕಳಸು” ಎಂದರು. ಅವನು ಬಾಗಿಲು ತೆರೆಯುವ ಮೊದಲೇ ಅವರ ಕಣ್ಣು ಕಂಪ್ಯೂಟರಿಗೆ ತಿರುಗಿತ್ತು. ಬೆಳಿಗ್ಗೆಯಿಂದ ತನಗೆ ಬಂದಿದ್ದ ತೂಕ ಇಳಿದುಹೋದದ್ದು ಮೌನಪ್ಪನಿಗೆ ತಿಳಿಯಿತು. ಬೇಸರವೂ ಆಯಿತು.

ಗಾಜಿನ ಕೋಣೆಯಿಂದ ಹೊರಬಂದ ಸುಭದ್ರಾಳ ಮುಖ ಅರಳಿತ್ತು. ನೇರವಾಗಿ ಅವನ ಮೇಜಿಗೆ ಬಂದವಳು ತಡೆದು ನಿಂತಳು.

“ಹೊರಡ್ಲಿಲ್ವಾ ನೀನು?”

ಆ ಲೀಡ್ ಮೊದಲು ತನಗೆ ಬಂದಿತ್ತೆಂದು ಅವಳಿಗೆ ತಿಳಿಯುವುದು ಬೇಡವೆನಿಸಿತು. “ಆಗಿಹೋತು, ಅಕ್ಕಾ.”

“ಇಷ್ಟು ಬೇಗ? ಫೋನಲ್ಲೇ? ಎಂತ ಹೇಳಿದ್ರು?”

“ಸಿಗಲಿಲ್ಲ.”

ಅವಳು ಹೇಳಲು ಬಂದದ್ದನ್ನು ನುಂಗಿಕೊಂಡಳು. ಜೋತುಬಿದ್ದ ತೋಳುಗಳನ್ನು ನೋಡಿ, “ಹೋಗ್ಲಿ ಬಿಡು. ಅಂಗಿಯೂ ನಿಂಗೆ ದೊಡ್ಡದಾಯ್ತು” ಎಂದು ತನ್ನ ಡ್ರಾಯರಿನಿಂದ ತೋಳು ಮಡಚಿಕೊಳ್ಳಲು ಪೇಪರ್ ಕ್ಲಿಪ್ಪುಗಳನ್ನು ತಂದು ಕೊಟ್ಟಳು. ಲೀಡ್ ಆದ ತನ್ನ ಸುದ್ದಿಯನ್ನು ಸಂಜೆಯ ತನಕ ಅವನಿಗೆ ಹೇಳಲಿಲ್ಲ.